ಆರು ಮಿಲಿಮೀಟರಿನ ಮಿಂಚುಳ್ಳಿ: ಫುಲ್ ಫ್ರೇಮ್ ಬೇಕಾ, ಕ್ರಾಪ್ ಸೆನ್ಸರ್ ಸಾಕಾ?

ರಂಗನತಿಟ್ಟಿನಲ್ಲಿ ಬೆಳಿಗ್ಗೆ ದೋಣಿ ಹತ್ತಿದರೆ ಮೊದಲ ಹತ್ತು ನಿಮಿಷ ಕ್ಯಾಮೆರಾ ಎತ್ತಲು ಮನಸ್ಸೇ ಬರುವುದಿಲ್ಲ. ತಲೆಯ ಮೇಲೆ ಬಣ್ಣದ ಕೊಕ್ಕರೆಗಳು ಗೂಡಿಗೆ ಕಡ್ಡಿ ಹೊತ್ತು ಹಾರುತ್ತಿರುತ್ತವೆ. ಬಂಡೆ ಮೇಲೆ ಮೊಸಳೆ ಬಾಯಿ ತೆರೆದು ಬಿದ್ದಿರುತ್ತದೆ. ಆಮೇಲೆ ದೋಣಿಯವರು ಹುಟ್ಟು ನಿಲ್ಲಿಸಿ, ಮಾತಾಡದೆ ಕೈ ತೋರಿಸುತ್ತಾರೆ. ನೀರಿಗೆ ಬಾಗಿದ ಕೊಂಬೆಯ ತುದಿಯಲ್ಲಿ ಚಿಕ್ಕ ನೀಲಿ ಮಿಂಚುಳ್ಳಿ.

ಕೊಕ್ಕಿನಿಂದ ಬಾಲದವರೆಗೆ ಅದರ ಉದ್ದ ಸುಮಾರು 16 ಸೆಂಟಿಮೀಟರ್. ಅವತ್ತು ಅದು ನಮ್ಮಿಂದ ಹೆಚ್ಚುಕಮ್ಮಿ 16 ಮೀಟರ್ ದೂರದಲ್ಲಿತ್ತು. ನನ್ನ ಕೈಯಲ್ಲಿ ದೂರದ್ದನ್ನು ದೊಡ್ಡದಾಗಿ ತೋರಿಸುವ 600 ಎಂಎಂ ಲೆನ್ಸ್, ಅದರ ಹಿಂದೆ 24 ಮೆಗಾಪಿಕ್ಸೆಲ್ಲಿನ ಫುಲ್ ಫ್ರೇಮ್ ಬಾಡಿ, ಅಂದರೆ ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಿರುವ ಕ್ಯಾಮೆರಾ. ಪಕ್ಕದಲ್ಲಿದ್ದ ಗೆಳೆಯನದೂ 600 ಎಂಎಂ ಲೆನ್ಸೇ. ಆದರೆ ಬಾಡಿ ಕ್ರಾಪ್ ಸೆನ್ಸರಿನದು, ಅಂದರೆ ಸೆನ್ಸರ್ ಚಿಕ್ಕದು, ಬೆಲೆ ನನ್ನದರ ಅರ್ಧ. ಮನೆಗೆ ಬಂದು ಎರಡೂ ಫೋಟೊಗಳನ್ನು ಪಕ್ಕಪಕ್ಕ ಇಟ್ಟು, ಹಕ್ಕಿಯಷ್ಟನ್ನೇ ಕತ್ತರಿಸಿ ನೋಡಿದೆವು. ಅವನ ಫೋಟೊದಲ್ಲಿ ಮಿಂಚುಳ್ಳಿಯ ನೆತ್ತಿಯ ಮೇಲಿನ ನೀಲಿ ಚುಕ್ಕೆಗಳು ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತಿದ್ದವು. ನನ್ನದರಲ್ಲಿ ಅವು ಒಂದಕ್ಕೊಂದು ಕಲಸಿಕೊಂಡಿದ್ದವು.

ಆ ಎರಡು ಫೋಟೊಗಳನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ. ಈ ವರ್ಷ ಅವು ಮತ್ತೆ ನೆನಪಾದದ್ದು ತಂಗಿಯ ಮಗನಿಂದ. ಹಾಸನದ ಕಡೆ ಇದ್ದಾನೆ. ಕೆಲಸಕ್ಕೆ ಸೇರಿದಾಗಿನಿಂದ ಕ್ಯಾಮೆರಾಕ್ಕೆ ಅಂತ ದುಡ್ಡು ಕೂಡಿಡುತ್ತಿದ್ದಾನೆ. ಒಂದು ಸಂಜೆ ಫೋನ್ ಮಾಡಿ, "ಮಾವ, ತಗೊಂಡ್ರೆ ಫುಲ್ ಫ್ರೇಮೇ ತಗೋಬೇಕಂತೆ ಅಲ್ವಾ? ಕ್ರಾಪ್ ಏನಿದ್ರೂ ಕಲಿಯೋರಿಗೆ ಅಂತಾರೆ" ಅಂದ. "ಏನು ತೆಗೀಬೇಕು ಅಂತಿದ್ದೀಯ?" ಅಂತ ಕೇಳಿದೆ. "ಹಕ್ಕಿ, ಪ್ರಾಣಿ. ಆಮೇಲೆ ಬೆಟ್ಟ, ಸೂರ್ಯೋದಯ" ಅಂದ.

ಈ ಎರಡು ಕೆಲಸಕ್ಕೂ ಉತ್ತರ ಬೇರೆ ಬೇರೆ. ಯಾಕೆ ಅಂತ ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಇದು ಸಣ್ಣ ಖರ್ಚಿನ ಮಾತಲ್ಲ. ತಿಳಿಯದೆ ಕೊಂಡರೆ ಮನಸ್ಸಿಗೆ ನೋವಾಗುತ್ತದೆ.

ಹೆಸರಿನಲ್ಲೇ ಇರುವ ಗೊಂದಲ

1925ರಲ್ಲಿ ಜರ್ಮನಿಯ ಲೈಕಾ ಕ್ಯಾಮೆರಾ ಮಾರುಕಟ್ಟೆಗೆ ಬಂತು. ಸಿನಿಮಾಕ್ಕೆ ಬಳಸುತ್ತಿದ್ದ 35 ಎಂಎಂ ರೀಲನ್ನೇ ಅಡ್ಡಡ್ಡ ಓಡಿಸಿ, 36×24 ಮಿಲಿಮೀಟರ್ ಅಳತೆಯ ಒಂದೊಂದು ಚೌಕಟ್ಟಿನಲ್ಲಿ ಫೋಟೊ ಹಿಡಿಯುವ ಕ್ಯಾಮೆರಾ ಅದು. ಮುಂದೆ ಆ ಅಳತೆಯೇ ಲೋಕಕ್ಕೆಲ್ಲ ರೂಢಿಯಾಯಿತು. 36 ಫೋಟೊದ ರೀಲು ನೆನಪಿದೆ ಅಲ್ವಾ? ಅದೇ. ಡಿಜಿಟಲ್ ಕಾಲದಲ್ಲಿ ಅಷ್ಟೇ ದೊಡ್ಡ ಸೆನ್ಸರ್ ಇರುವ ಕ್ಯಾಮೆರಾವನ್ನು ಫುಲ್ ಫ್ರೇಮ್ ಅಂದರು.

ಕ್ರಾಪ್ ಸೆನ್ಸರಿಗೆ ಎಪಿಎಸ್-ಸಿ ಅನ್ನುವ ಹೆಸರೂ ಇದೆ. ಅದೂ ರೀಲಿನ ಕಾಲದ್ದೇ. 1996ರಲ್ಲಿ ಎಪಿಎಸ್ ಅನ್ನುವ ಚಿಕ್ಕ ರೀಲು ಬಂತು, ಹೆಚ್ಚು ದಿನ ನಡೆಯಲಿಲ್ಲ. ಅದರ ಒಂದು ಚೌಕಟ್ಟಿಗೆ ಹತ್ತಿರದ ಅಳತೆ ಇರುವುದರಿಂದ ಹೆಸರು ಉಳಿದುಕೊಂಡಿತು. ನಿಕಾನ್, ಸೋನಿ, ಫ್ಯೂಜಿಯಲ್ಲಿ ಇದು ಸುಮಾರು 23.5×15.6 ಮಿಲಿಮೀಟರ್. ಕ್ಯಾನನ್‌ನಲ್ಲಿ ಇನ್ನೂ ತುಸು ಚಿಕ್ಕದು, 22.3×14.9. ಗುಣಿಸಿ ನೋಡಿದರೆ ಫುಲ್ ಫ್ರೇಮಿನ ಹರವು ಕ್ರಾಪ್‌ನ ಎರಡೂಕಾಲು ಪಟ್ಟಿಗಿಂತ ಜಾಸ್ತಿ.

ಕ್ರಾಪ್ ಅಂದರೆ ಕತ್ತರಿಸಿದ್ದು, ಹಾಗಾಗಿ ಏನೋ ಕೊರತೆ ಇದ್ದ ಹಾಗೆ ಕೇಳುತ್ತದೆ. ಆದರೆ ನಿಕಾನ್ ಕಂಪನಿ 1999ರಲ್ಲಿ ಡಿ1 ಅನ್ನುವ ಡಿಜಿಟಲ್ ಕ್ಯಾಮೆರಾ ತಂದಾಗ ಅದು ಕ್ರಾಪ್ ಕ್ಯಾಮೆರಾ. ಅವರ ಮೊದಲ ಫುಲ್ ಫ್ರೇಮ್ ಡಿ3 ಬಂದದ್ದು 2007ರಲ್ಲಿ. ಆ ಎಂಟು ವರ್ಷ ನಿಕಾನ್ ಡಿಜಿಟಲ್ ಹಿಡಿದು ಕಾಡು ಸುತ್ತಿದ ವೃತ್ತಿಯವರೆಲ್ಲ ಕ್ರಾಪ್‌ನಲ್ಲೇ ತೆಗೆದರು. ಕಲಿಯುವವರ ಕ್ಯಾಮೆರಾ ಅನ್ನುವ ಮಾತಿಗೆ ಇದಕ್ಕಿಂತ ಉತ್ತರ ಬೇಕಿಲ್ಲ.

ಕಿಟಕಿ ಚಿಕ್ಕದಾದರೆ ಮರ ಹತ್ತಿರ ಬರುವುದಿಲ್ಲ

"ಕ್ರಾಪ್‌ಗೆ ಹಾಕಿದರೆ 600 ಎಂಎಂ ಲೆನ್ಸ್ 900 ಆಗುತ್ತೆ." ಅಂಗಡಿಯಲ್ಲೂ ಹೇಳುತ್ತಾರೆ, ಸಫಾರಿ ಜೀಪಿನಲ್ಲೂ ಹೇಳುತ್ತಾರೆ. ಲೆನ್ಸ್ ಮಾತ್ರ ಏನೂ ಆಗುವುದಿಲ್ಲ. ಅದು 600 ಆಗಿಯೇ ಇರುತ್ತದೆ.

ಮನೆಯ ಕಿಟಕಿಯಿಂದ ಎದುರಿನ ಮಾವಿನ ಮರ ನೋಡುತ್ತಿದ್ದೀರಿ ಅಂದುಕೊಳ್ಳಿ. ಕಿಟಕಿಯ ನಾಲ್ಕೂ ಅಂಚಿಗೆ ರಟ್ಟು ಅಂಟಿಸಿ ಚಿಕ್ಕದು ಮಾಡಿದರೆ ಮರ ಹತ್ತಿರ ಬರುವುದಿಲ್ಲ. ಸುತ್ತಲಿನ ಆಕಾಶ, ಪಕ್ಕದ ಮನೆ ಮರೆಯಾಗುತ್ತವೆ. ಕಿಟಕಿಯ ತುಂಬ ಮರವೇ ಕಾಣುವುದರಿಂದ ದೊಡ್ಡದಾದಂತೆ ಅನ್ನಿಸುತ್ತದೆ. ಕ್ರಾಪ್ ಸೆನ್ಸರ್ ಮಾಡುವುದೂ ಇಷ್ಟೇ.

ಹಾಗಾದರೆ ಗೆಳೆಯನ ಮಿಂಚುಳ್ಳಿ ಯಾಕೆ ಚೆನ್ನಾಗಿ ಬಂತು? ಇಲ್ಲೊಂದು ಲೆಕ್ಕ ಮಾಡಬೇಕು. ಲೆನ್ಸಿನ ಎಂಎಂ ಅನ್ನು ಹಕ್ಕಿಯ ಉದ್ದದಿಂದ ಗುಣಿಸಿ, ದೂರದಿಂದ ಭಾಗಿಸಿ. ಉದ್ದ, ದೂರ ಎರಡೂ ಮೀಟರಿನಲ್ಲಿರಲಿ. 600 ಗುಣಿಸು 0.16, ಭಾಗಿಸು 16. ಉತ್ತರ 6. ಅಂದರೆ ಸೆನ್ಸರಿನ ಮೇಲೆ ಬಿದ್ದ ಮಿಂಚುಳ್ಳಿಯ ಬಿಂಬ 6 ಮಿಲಿಮೀಟರ್ ಉದ್ದ, ಹೆಚ್ಚುಕಮ್ಮಿ ಒಂದು ತೊಗರಿಬೇಳೆಯಷ್ಟು. ಸೆನ್ಸರ್ ದೊಡ್ಡದಿರಲಿ ಚಿಕ್ಕದಿರಲಿ, ಅದು 6 ಮಿಲಿಮೀಟರೇ.

ಮುಂದಿನ ಪ್ರಶ್ನೆ, ಆ 6 ಮಿಲಿಮೀಟರಿನಲ್ಲಿ ಎಷ್ಟು ಪಿಕ್ಸೆಲ್, ಅಂದರೆ ಫೋಟೊ ಕಟ್ಟುವ ಚುಕ್ಕೆಗಳು, ಕೂತಿವೆ ಅನ್ನುವುದು. 24 ಮೆಗಾಪಿಕ್ಸೆಲ್ಲಿನ ಫುಲ್ ಫ್ರೇಮಿನಲ್ಲಿ 36 ಮಿಲಿಮೀಟರ್ ಅಗಲಕ್ಕೆ 6000 ಪಿಕ್ಸೆಲ್. ಒಂದು ಮಿಲಿಮೀಟರಿಗೆ 167. ನನ್ನ ಹಕ್ಕಿಗೆ ಸಿಕ್ಕಿದ್ದು ಬರೀ 1000 ಪಿಕ್ಸೆಲ್. ಗೆಳೆಯನದು 20.9 ಮೆಗಾಪಿಕ್ಸೆಲ್ಲಿನ ನಿಕಾನ್ ಡಿ500. ಅದರಲ್ಲಿ ಒಂದು ಮಿಲಿಮೀಟರಿಗೆ 237. ಅವನ ಹಕ್ಕಿಗೆ ಸಿಕ್ಕಿದ್ದು 1420. ನೆತ್ತಿಯ ಚುಕ್ಕೆಗಳು ಬಿಡಿಬಿಡಿಯಾಗಿ ಬಂದದ್ದರ ಗುಟ್ಟು ಇದೇ. ಕ್ಯಾನನ್ ಆರ್7 ಆಗಿದ್ದರೆ 32.5 ಮೆಗಾಪಿಕ್ಸೆಲ್ಲನ್ನು ಇನ್ನೂ ಚಿಕ್ಕ ಜಾಗದಲ್ಲಿ ತುಂಬಿರುವುದರಿಂದ 1870ರ ಹತ್ತಿರ ಸಿಗುತ್ತಿತ್ತು.

ಇಲ್ಲಿ ಇನ್ನೊಂದು ಸಂಗತಿ ಗಮನಿಸಿ. ಗೆದ್ದದ್ದು ಸೆನ್ಸರ್ ಚಿಕ್ಕದು ಅನ್ನುವ ಕಾರಣಕ್ಕಲ್ಲ, ಪಿಕ್ಸೆಲ್ ಒತ್ತೊತ್ತಾಗಿವೆ ಅನ್ನುವ ಕಾರಣಕ್ಕೆ. 45.7 ಮೆಗಾಪಿಕ್ಸೆಲ್ಲಿನ ನಿಕಾನ್ ಡಿ850 ಅಥವಾ ಝಡ್8 ಫುಲ್ ಫ್ರೇಮೇ. ಅವುಗಳಲ್ಲಿ ಮಿಲಿಮೀಟರಿಗೆ 230 ಪಿಕ್ಸೆಲ್ ಇವೆ. ಡಿ500ಗೂ ಅವಕ್ಕೂ ಹಕ್ಕಿಯ ಮಟ್ಟಿಗೆ ವ್ಯತ್ಯಾಸವೇ ಇಲ್ಲ. ಸೋನಿಯ 61 ಮೆಗಾಪಿಕ್ಸೆಲ್ಲಿನ ಫುಲ್ ಫ್ರೇಮ್ ತೆಗೆದುಕೊಂಡರೆ, ಅದರ ನಡುಭಾಗದಲ್ಲಿ 26 ಮೆಗಾಪಿಕ್ಸೆಲ್ಲಿನ ಒಂದು ಕ್ರಾಪ್ ಕ್ಯಾಮೆರಾನೇ ಕೂತಿದೆ ಅನ್ನಬಹುದು. ಅಷ್ಟು ದುಡ್ಡು ಇದ್ದವರಿಗೆ ಈ ಚರ್ಚೆಯೇ ಬೇಡ. ಆದರೆ ಅಂಥ ಬಾಡಿಯ ಬೆಲೆ ಒಳ್ಳೆಯ ಕ್ರಾಪ್ ಬಾಡಿಯ ಎರಡು, ಮೂರು ಪಟ್ಟು. ನಮ್ಮಲ್ಲಿ ಹೆಚ್ಚಿನವರು ಆರಿಸಬೇಕಾಗಿರುವುದು 24 ಮೆಗಾಪಿಕ್ಸೆಲ್ ಸುತ್ತಮುತ್ತಲಿನ ಫುಲ್ ಫ್ರೇಮ್ ಮತ್ತು ಒಳ್ಳೆಯ ಕ್ರಾಪ್ ನಡುವೆ. ಅಲ್ಲಿ ದೂರದ ಹಕ್ಕಿಗೆ ಕ್ರಾಪ್ ಮೇಲು.

ಫೋಟೊವನ್ನು ಫೋನಿನಲ್ಲಷ್ಟೇ ನೋಡುವುದಾದರೆ 1000 ಪಿಕ್ಸೆಲ್ಲಿನ ಮಿಂಚುಳ್ಳಿಯೂ ಚೆನ್ನಾಗಿಯೇ ಕಾಣುತ್ತದೆ. ಗೋಡೆಗೆ ಹಾಕಲು 12 ಇಂಚು ಅಗಲದ ಪ್ರಿಂಟ್ ತೆಗೆದಾಗ ವ್ಯತ್ಯಾಸ ಎದ್ದು ತೋರುತ್ತದೆ.

ತುಳಸಿಕಟ್ಟೆಯ ಮೇಲೆ ಬಿದ್ದ ಮಳೆ

"ಆದ್ರೆ ಮಾವ, ಕಡಿಮೆ ಬೆಳಕಲ್ಲಿ ಫುಲ್ ಫ್ರೇಮೇ ಚೆನ್ನಾಗಿ ಬರುತ್ತಂತಲ್ಲ?" ಅಂದ ಹುಡುಗ. ಒಳ್ಳೆಯ ಪ್ರಶ್ನೆ. ಅರ್ಧ ನಿಜ.

ದೊಡ್ಡ ಸೆನ್ಸರ್ ಜಾಸ್ತಿ ಬೆಳಕು ಹಿಡಿಯುತ್ತದೆ. ಜಾಸ್ತಿ ಬೆಳಕು ಅಂದರೆ ಕಡಿಮೆ ನಾಯ್ಸ್, ಅಂದರೆ ಫೋಟೊದಲ್ಲಿ ಆ ರವೆ ಚೆಲ್ಲಿದಂಥ ಕಾಳು ಕಡಿಮೆ. ಅಪರ್ಚರ್ ಅಂದರೆ ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ ಅನ್ನುವ ಎಫ್ ಸಂಖ್ಯೆ, ಅದು ಚಿಕ್ಕದಾದಷ್ಟೂ ಬೆಳಕು ಜಾಸ್ತಿ. ಶಟರ್ ಅಂದರೆ ಬೆಳಕು ಒಳಬಿಡುವ ಹೊತ್ತು. ಇವೆರಡನ್ನೂ ಒಂದೇ ಇಟ್ಟರೆ ಎರಡು ಸೆನ್ಸರಿನ ನಡುವೆ ಒಂದೂಕಾಲು ಸ್ಟಾಪಿನಷ್ಟು ಅಂತರ. ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು. ಬೆಳಕು ಸಾಲದಾಗ ಫೋಟೊ ಬೆಳಗಿಸಲು ಏರಿಸುವ ಸಂಖ್ಯೆ ಐಎಸ್‌ಒ, ಏರಿಸಿದಷ್ಟೂ ಕಾಳು ಜಾಸ್ತಿ. ಕ್ರಾಪ್‌ನಲ್ಲಿ ಐಎಸ್‌ಒ 3200 ಹೇಗೆ ಕಾಣುತ್ತದೋ ಫುಲ್ ಫ್ರೇಮಿನಲ್ಲಿ 7500ರ ಆಸುಪಾಸು ಹಾಗೆ ಕಾಣುತ್ತದೆ. ಇದು ಸಣ್ಣ ಲಾಭವಲ್ಲ.

ಆದರೆ ಆ ಲಾಭ ಸಿಗಬೇಕಾದರೆ ಫ್ರೇಮ್ ತುಂಬಬೇಕು.

ಹಳೇ ತೊಟ್ಟಿಮನೆಯ ಅಂಗಳ ನೆನಪಿಸಿಕೊಳ್ಳಿ. ನಡುವೆ ತುಳಸಿಕಟ್ಟೆ. ಮಳೆ ಬರುತ್ತಿದೆ. ದೊಡ್ಡ ಅಂಗಳಕ್ಕೆ ಚಿಕ್ಕ ಅಂಗಳಕ್ಕಿಂತ ಜಾಸ್ತಿ ನೀರು ಬೀಳುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ತುಳಸಿಕಟ್ಟೆಯ ಮೇಲೆ? ಅಂಗಳ ಎಷ್ಟೇ ದೊಡ್ಡದಿರಲಿ, ಕಟ್ಟೆಯ ಮೇಲೆ ಬೀಳುವ ಮಳೆ ಅಷ್ಟೇ. ನಮ್ಮ ಮಿಂಚುಳ್ಳಿ ಆ ಕಟ್ಟೆ. ಹಕ್ಕಿಯ 6 ಮಿಲಿಮೀಟರಿನ ಬಿಂಬದ ಮೇಲೆ ಬಿದ್ದ ಬೆಳಕು ಎರಡೂ ಕ್ಯಾಮೆರಾದಲ್ಲಿ ಒಂದೇ. ಫುಲ್ ಫ್ರೇಮ್ ಹಿಡಿದ ಹೆಚ್ಚುವರಿ ಬೆಳಕೆಲ್ಲ ಸುತ್ತಲಿನ ನೀರು, ಎಲೆ, ಆಕಾಶದ್ದು. ಮನೆಗೆ ಬಂದು ನಾವು ಕತ್ತರಿಸಿ ಎಸೆಯುವುದು ಅದನ್ನೇ.

ಇಡೀ ವಿಷಯದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ಹಕ್ಕಿ ಫ್ರೇಮ್ ತುಂಬಿದರೆ ಫುಲ್ ಫ್ರೇಮ್ ಗೆಲ್ಲುತ್ತದೆ. ತುಂಬದೆ ಕತ್ತರಿಸಬೇಕಾಗಿ ಬಂದರೆ ಆ ಗೆಲುವು ಕತ್ತರಿಸಿದ ಭಾಗದ ಜೊತೆಗೇ ಹೋಗುತ್ತದೆ.

"ಹಾಗಾದ್ರೆ ಹತ್ತಿರ ಹೋದ್ರಾಯ್ತು" ಅನ್ನಬಹುದು. ಎಲ್ಲಿ ಹೋಗುವುದು? ನಾಗರಹೊಳೆಯಲ್ಲಿ, ಬಂಡೀಪುರದಲ್ಲಿ ಜೀಪಿನಿಂದ ಇಳಿಯುವಂತಿಲ್ಲ, ದಾರಿ ಬಿಟ್ಟು ಜೀಪು ಆಚೆ ಹೋಗುವಂತಿಲ್ಲ. ಅದು ಸರಿಯಾದ ನಿಯಮ. ರಂಗನತಿಟ್ಟಿನಲ್ಲಿ ಗೂಡು ಕಟ್ಟಿದ ಮರದ ಬುಡಕ್ಕೇ ದೋಣಿ ಬಿಡಿ ಅಂತ ದೋಣಿಯವರನ್ನು ಪೀಡಿಸುವವರನ್ನು ನೋಡಿದ್ದೇನೆ. ಒಂದು ಕೊಕ್ಕರೆ ಹೆದರಿ ಎದ್ದರೆ ಮರಿಗಳು ಬಿಸಿಲಿಗೆ ಬೀಳುತ್ತವೆ, ಕಾಗೆ ಹದ್ದಿಗೆ ದಾರಿಯಾಗುತ್ತದೆ. ಯಾವ ಫೋಟೊವೂ ಅದಕ್ಕಿಂತ ದೊಡ್ಡದಲ್ಲ. ಹಾಗಾಗಿ ನಮ್ಮ ಕಾಡುಗಳಲ್ಲಿ ದೂರ ಅನ್ನುವುದು ಇದ್ದೇ ಇರುತ್ತದೆ, ಇರಬೇಕು. ಆ ದೂರವನ್ನು ಒಪ್ಪಿಕೊಂಡೇ ಕ್ಯಾಮೆರಾ ಆರಿಸಬೇಕು.

ಕಾಡಲ್ಲೂ ಫುಲ್ ಫ್ರೇಮ್ ಗೆಲ್ಲುವ ಜಾಗಗಳು

ದಾಂಡೇಲಿ ಹತ್ತಿರ ಗಣೇಶಗುಡಿಯಲ್ಲಿ ಓಲ್ಡ್ ಮ್ಯಾಗಜೀನ್ ಹೌಸ್ ಅನ್ನುವ ತಂಗುದಾಣ ಇದೆ. ಅಲ್ಲಿ ಹಕ್ಕಿಗಳಿಗೆ ಅಂತ ಚಿಕ್ಕ ಚಿಕ್ಕ ನೀರಿನ ತೊಟ್ಟಿಗಳಿವೆ. ಸುಮ್ನೆ ಮರೆಯಲ್ಲಿ ಕೂತರೆ ಸಾಕು, ಹಕ್ಕಿ ತಾನಾಗೇ ಸ್ನಾನಕ್ಕೆ ಬರುತ್ತದೆ. 14 ಸೆಂಟಿಮೀಟರಿನ ಒಂದು ನೊಣಹಿಡುಕ 5 ಮೀಟರ್ ದೂರದಲ್ಲಿ ಕೂತರೆ 600 ಎಂಎಂ ಲೆನ್ಸಿನಲ್ಲಿ ಅದರ ಬಿಂಬ 17 ಮಿಲಿಮೀಟರ್ ಹತ್ತಿರ ಬರುತ್ತದೆ. ಕ್ರಾಪ್ ಸೆನ್ಸರಿನ ಎತ್ತರವೇ 15.6. ಹಕ್ಕಿ ನೆಟ್ಟಗೆ ಕೂತರೆ ಬಾಲ ಆಚೆ! ಮೇಲಾಗಿ ಅದು ದಟ್ಟ ಕಾಡಿನ ನೆರಳು, ಹಗಲಲ್ಲೂ ಕತ್ತಲೆ. ಹಕ್ಕಿ ಹತ್ತಿರ, ಬೆಳಕು ಕಡಿಮೆ. ಫುಲ್ ಫ್ರೇಮ್ ಹುಟ್ಟಿದ್ದೇ ಇದಕ್ಕೆ ಅನ್ನುವಂಥ ಜಾಗ.

ಕಬಿನಿಯ ಹಿನ್ನೀರೂ ಹಾಗೇ. ಬೇಸಿಗೆಯಲ್ಲಿ ನೀರು ಇಳಿದು ಹುಲ್ಲು ಚಿಗುರಿದಾಗ ಆನೆಗಳು ಹಿಂಡು ಹಿಂಡಾಗಿ ಬರುತ್ತವೆ. ಮೂರು ಮೀಟರ್ ಎತ್ತರದ ಆನೆ 30 ಮೀಟರ್ ದೂರದಲ್ಲಿದ್ದರೆ 600 ಎಂಎಂನಲ್ಲಿ ಬಿಂಬ 60 ಮಿಲಿಮೀಟರ್. ಯಾವ ಸೆನ್ಸರಿಗೂ ಹಿಡಿಸುವುದಿಲ್ಲ. ಇಡೀ ಆನೆ ಬೇಕಾದರೆ ಫುಲ್ ಫ್ರೇಮಿನಲ್ಲೂ 200 ಎಂಎಂ ಆಸುಪಾಸಿಗೆ ಇಳಿಯಬೇಕು. ಸಂಜೆ ಆರರ ಮಬ್ಬಿನಲ್ಲಿ, ಮರಿಯನ್ನು ಕಾಲುಗಳ ನಡುವೆ ಇಟ್ಟುಕೊಂಡು ಹಿಂಡು ನೀರಿಗೆ ಇಳಿಯುವಾಗ, 70-200 ಎಫ್/2.8 ಲೆನ್ಸ್ ಹಾಕಿದ ಫುಲ್ ಫ್ರೇಮ್ ಕೊಡುವ ಫೋಟೊದ ಮುಂದೆ ಕ್ರಾಪ್ ನಿಲ್ಲುವುದು ಕಷ್ಟ.

ಹಾರುವ ಹಕ್ಕಿಗೆ ಇನ್ನೊಂದು ಅನುಕೂಲ ಇದೆ. ಫ್ರೇಮ್ ಅಗಲವಾಗಿದ್ದರೆ ಹಕ್ಕಿ ಒಳಗೆ ಉಳಿಯುತ್ತದೆ. ಕ್ರಾಪ್‌ನ ಕಿರಿದಾದ ನೋಟದಲ್ಲಿ ರಿವ್ವನೆ ಹೋಗುವ ಮಿಂಚುಳ್ಳಿಯನ್ನು ಹಿಡಿದಿಟ್ಟುಕೊಳ್ಳಲು ಅಭ್ಯಾಸ ಬೇಕು. ಶಟರ್ ಸದ್ದಿಲ್ಲದ ಎಲೆಕ್ಟ್ರಾನಿಕ್ ವಿಧಾನದಲ್ಲಿ ತೆಗೆದಾಗ ಕೆಲವು ಕ್ರಾಪ್ ಬಾಡಿಗಳಲ್ಲಿ ರೆಕ್ಕೆ ಬಾಗಿದಂತೆ ಬರುವುದೂ ಉಂಟು. ಸೆನ್ಸರ್ ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುವಷ್ಟರಲ್ಲಿ ರೆಕ್ಕೆ ಜರುಗಿಬಿಟ್ಟಿರುತ್ತದೆ. ಹಾಗಿದ್ದಾಗ ಮೆಕ್ಯಾನಿಕಲ್ ಶಟರ್ ಬಳಸಬೇಕು.

ಬಾಡಿಗಿಂತ ಮೊದಲು ಲೆನ್ಸಿನ ಬಾಯಿ

ದೂರದ ಹಕ್ಕಿಯ ಬಿಂಬದ ಮೇಲೆ ಬೀಳುವ ಬೆಳಕನ್ನು ಸೆನ್ಸರ್ ನಿರ್ಧರಿಸುವುದಿಲ್ಲ ಅಂದಮೇಲೆ ಯಾರು ನಿರ್ಧರಿಸುತ್ತಾರೆ? ಲೆನ್ಸಿನ ಬಾಯಿ. ಎಂಎಂ ಅನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಅದರ ಅಗಲ ಸಿಗುತ್ತದೆ. 400 ಎಂಎಂ ಎಫ್/5.6 ಲೆನ್ಸಿನ ಬಾಯಿ 71 ಮಿಲಿಮೀಟರ್. 600 ಎಂಎಂ ಎಫ್/6.3 ಲೆನ್ಸಿನದು 95. 600 ಎಂಎಂ ಎಫ್/4ರದು 150.

95ರಿಂದ 150ಕ್ಕೆ ಹೋದರೆ ಬೆಳಕು ಎರಡೂವರೆ ಪಟ್ಟು. ಕ್ರಾಪ್‌ನಿಂದ ಫುಲ್ ಫ್ರೇಮಿಗೆ ಹೋದರೆ ಸಿಗುತ್ತದೆ ಅಂತ ಹೇಳುವ ಲಾಭವೂ ಹೆಚ್ಚುಕಮ್ಮಿ ಇಷ್ಟೇ. ಒಂದೇ ವ್ಯತ್ಯಾಸ, ಲೆನ್ಸ್ ತಂದ ಬೆಳಕು ನೇರವಾಗಿ ಹಕ್ಕಿಯ ಬಿಂಬದ ಮೇಲೆ ಬೀಳುತ್ತದೆ. ಕತ್ತರಿಸಿದರೂ ಹೋಗುವುದಿಲ್ಲ. 600 ಎಫ್/4ರ ಬೆಲೆ ಹತ್ತು ಲಕ್ಷ ದಾಟುತ್ತದೆ, ಅದರ ಮಾತು ಬಿಡಿ. ಆದರೆ 71ರ ಬಾಯಿಯಿಂದ 95ಕ್ಕೆ ಹೋಗುವುದು ಹೆಚ್ಚಿನವರ ಕೈಗೆ ಎಟಕುತ್ತದೆ. ನಿಕಾನ್‌ನ 180-600, ಸೋನಿಯ 200-600, ಸಿಗ್ಮಾ ಮತ್ತು ಟ್ಯಾಮ್ರಾನ್‌ನ 150-600 ಎಲ್ಲ ಇದೇ ಗುಂಪಿನವು. ಇವು ಫುಲ್ ಫ್ರೇಮಿಗೆಂದೇ ಮಾಡಿದ ಲೆನ್ಸುಗಳು, ಕ್ರಾಪ್‌ಗೂ ಹಾಗೆಯೇ ಕೂರುತ್ತವೆ. ನಾಳೆ ಬಾಡಿ ಬದಲಿಸಿದರೂ ಲೆನ್ಸ್ ನಿಮ್ಮದೇ.

ಈಗಾಗಲೇ 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್ ಇಟ್ಟುಕೊಂಡವರು ಬೇಜಾರಾಗಬೇಕಿಲ್ಲ. ಟೆಲಿಕನ್ವರ್ಟರ್ ಅಂದರೆ ಲೆನ್ಸಿಗೂ ಬಾಡಿಗೂ ನಡುವೆ ಕೂರಿಸಿ ಬಿಂಬ ದೊಡ್ಡದು ಮಾಡುವ ತುಂಡು. 1.4 ಪಟ್ಟಿನದು ಕೂರುವ ಲೆನ್ಸ್ ಇದ್ದರೆ ಹಾಕಿಕೊಳ್ಳಿ. ನನ್ನ 6 ಮಿಲಿಮೀಟರಿನ ಮಿಂಚುಳ್ಳಿ 8.4 ಆಗುತ್ತದೆ, 1000 ಪಿಕ್ಸೆಲ್ 1400 ಆಗುತ್ತದೆ. ಗೆಳೆಯನ ಕ್ರಾಪ್‌ನಷ್ಟೇ ಆಯಿತು. ಅಪರ್ಚರ್ ಎಫ್/9ಕ್ಕೆ ಇಳಿಯುವುದರಿಂದ ಮಬ್ಬು ಬೆಳಕಿನಲ್ಲಿ ಫೋಕಸ್ ಸ್ವಲ್ಪ ತಡವರಿಸಬಹುದು, ಅಷ್ಟೇ.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಪಿಕ್ಸೆಲ್ ಎಷ್ಟೇ ಇದ್ದರೂ ಬಿಸಿಲ ಝಳದ ಮುಂದೆ ಏನೂ ನಡೆಯುವುದಿಲ್ಲ. ರಾಣೆಬೆನ್ನೂರಿನ ಕೃಷ್ಣಮೃಗಗಳನ್ನು ಬೆಳಿಗ್ಗೆ ಏಳಕ್ಕೆ ತೆಗೆದು ನೋಡಿ, ಕೊಂಬಿನ ಸುರುಳಿ ಗೆರೆ ಗೆರೆಯಾಗಿ ಬರುತ್ತದೆ. ಅದೇ ಜಾಗದಲ್ಲಿ ಹನ್ನೊಂದಕ್ಕೆ ತೆಗೆದರೆ ನೆಲದಿಂದ ಏಳುವ ಬಿಸಿಗಾಳಿ ಕೊಂಬನ್ನು ಅಲುಗಾಡಿಸಿಬಿಡುತ್ತದೆ. ಇದನ್ನು ಎಷ್ಟೋ ಜನ ಲೆನ್ಸಿನ ದೋಷ ಅಂದುಕೊಂಡು ರಿಪೇರಿಗೆ ಕೊಟ್ಟಿದ್ದಾರೆ.

ಬೆಟ್ಟದ ಮೇಲೆ ಲೆಕ್ಕ ಬದಲಾಗುತ್ತದೆ

ಬೆಟ್ಟ ಎಲ್ಲೂ ಹಾರಿಹೋಗುವುದಿಲ್ಲ. ಬೇಕಾದಷ್ಟು ಅಗಲದ ಲೆನ್ಸ್ ಹಾಕಿ ಫ್ರೇಮ್ ತುಂಬಿಸಿಕೊಳ್ಳಬಹುದು. ಇಲ್ಲಿ ಇಡೀ ಅಂಗಳದ ಮಳೆಯೂ ನಿಮ್ಮದೇ. ಹಾಗಾಗಿ ನಿಸರ್ಗದೃಶ್ಯಕ್ಕೆ ಫುಲ್ ಫ್ರೇಮ್ ಅನ್ನುವ ಮಾತಿಗೆ ಒಳ್ಳೆಯ ಆಧಾರ ಇದೆ.

ಹಂಪಿಯ ಮಾತಂಗ ಬೆಟ್ಟದ ಮೇಲೆ ಸೂರ್ಯೋದಯಕ್ಕೆ ನಿಲ್ಲಿ. ಎದುರಿಗೆ ಸೂರ್ಯ, ಕಾಲ ಬುಡದಲ್ಲಿ ಇನ್ನೂ ಕತ್ತಲಲ್ಲಿರುವ ಬಂಡೆಗಳು, ಕೆಳಗೆ ಅಚ್ಯುತರಾಯ ದೇವಸ್ಥಾನ. ಆಕಾಶ ಬಿಳುಚಿಕೊಳ್ಳದಂತೆ ತೆಗೆದರೆ ಬಂಡೆಗಳು ಕಪ್ಪು. ಆಮೇಲೆ ಕಂಪ್ಯೂಟರಿನಲ್ಲಿ ಆ ಕಪ್ಪನ್ನು ಎತ್ತಿದಾಗ ದೊಡ್ಡ ಸೆನ್ಸರ್ ಬಂಡೆಯ ಕೆಂಪು, ಬಿರುಕು, ಒರಟುತನ ಎಲ್ಲ ಶುದ್ಧವಾಗಿ ಕೊಡುತ್ತದೆ. ಕ್ರಾಪ್‌ನಲ್ಲೂ ಬರುತ್ತದೆ, ಆದರೆ ಕಾಳು ಬೇಗ ಕಾಣಿಸಿಕೊಳ್ಳುತ್ತದೆ.

ಈಗ ಮಳೆಗಾಲದ ಕುದುರೆಮುಖಕ್ಕೆ ಬನ್ನಿ. ಮಂಜು, ಒಂದರ ಹಿಂದೆ ಒಂದು ಹಸಿರು ಮಡಿಕೆ, ಎಲ್ಲಿ ನೋಡಿದರೂ ಹಾಲು ಬೆರೆಸಿದಂಥ ಬೆಳಕು. ಅಲ್ಲಿ ಕಪ್ಪೂ ಇಲ್ಲ, ಕಣ್ಣು ಕೋರೈಸುವ ಬಿಳುಪೂ ಇಲ್ಲ. ಫುಲ್ ಫ್ರೇಮಿನ ಆ ಶಕ್ತಿಗೆ ಕೆಲಸವೇ ಇಲ್ಲ. ನಾನು ಮಲೆನಾಡಿನ ಮಂಜನ್ನು ಎರಡರಲ್ಲೂ ತೆಗೆದಿದ್ದೇನೆ. ಪ್ರಿಂಟ್ ಹಾಕಿಸಿ ಗೋಡೆಗೆ ತೂಗುಹಾಕಿದರೆ ಯಾವುದು ಯಾವುದರದ್ದು ಅಂತ ನನಗೇ ಹೇಳಲಾಗುವುದಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಇದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ದೃಶ್ಯದಲ್ಲಿ ಕಾಲ ಬಳಿಯ ಕಲ್ಲೂ ಸ್ಪಷ್ಟವಾಗಿರಬೇಕು, ದೂರದ ಗೋಪುರವೂ ಸ್ಪಷ್ಟವಾಗಿರಬೇಕು. ಅದಕ್ಕೆ ಫುಲ್ ಫ್ರೇಮಿನಲ್ಲಿ 16 ಎಂಎಂ ಲೆನ್ಸ್, ಎಫ್/11 ಇಟ್ಟರೆ, ಕ್ರಾಪ್‌ನಲ್ಲಿ 10-11 ಎಂಎಂ ಲೆನ್ಸಿಗೆ ಎಫ್/7 ಅಥವಾ 8 ಸಾಕು, ಅಷ್ಟೇ ಆಳ ಸಿಗುತ್ತದೆ. ಅಂದರೆ ಫುಲ್ ಫ್ರೇಮಿನವರು ಬಾಯಿ ಕಿರಿದು ಮಾಡಬೇಕು. ಕೈಯಲ್ಲಿ ಹಿಡಿದು ಒಂದೇ ಶಟರಿನಲ್ಲಿ ತೆಗೆಯುವುದಾದರೆ ಐಎಸ್‌ಒ ಏರಿಸಬೇಕು. ದೊಡ್ಡ ಸೆನ್ಸರಿನ ಲಾಭ ಅಲ್ಲಿಗೆ ಕರಗಿತು! ಅದು ಉಳಿಯಬೇಕಾದರೆ ಟ್ರೈಪಾಡ್ ಬೇಕು. ಕ್ಯಾಮೆರಾ ಅಲುಗಾಡದೆ ನಿಂತರೆ ಐಎಸ್‌ಒ ಕೆಳಗಿಟ್ಟು, ಶಟರನ್ನು ಉದ್ದ ಬಿಟ್ಟು ಬೆಳಕನ್ನು ಪೂರ್ತಿ ತುಂಬಿಕೊಳ್ಳಬಹುದು. ಡಿ850, ಝಡ್8ನಲ್ಲಿ ಐಎಸ್‌ಒ 64ಕ್ಕೇ ಇಳಿಯಬಹುದು. ಜೋಗದ ನೀರು ರೇಷ್ಮೆ ನೂಲಿನ ಹಾಗೆ ಬರಬೇಕು ಅನ್ನುವವರಿಗೆ ಇದು ವರ. ಟ್ರೈಪಾಡ್ ಹೊತ್ತು ಬೆಟ್ಟ ಹತ್ತುವ ಮನಸ್ಸಿಲ್ಲದವರು ನಿಸರ್ಗದೃಶ್ಯಕ್ಕೆ ಅಂತ ಫುಲ್ ಫ್ರೇಮಿಗೆ ದುಡ್ಡು ಹಾಕುವ ಮೊದಲು ಇನ್ನೊಮ್ಮೆ ಯೋಚಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಅಗಲದ ಲೆನ್ಸ್ ಕ್ರಾಪ್‌ಗೆ ಸಿಗುವುದಿಲ್ಲ ಅನ್ನುವ ಹಳೇ ದೂರು ಈಗ ಇಲ್ಲ. ಕ್ಯಾನನ್‌ನಲ್ಲಿ 10-18, ನಿಕಾನ್‌ನಲ್ಲಿ 12-28 ಇವೆ. ಹಗುರ, ಬೆಲೆಯೂ ಕಡಿಮೆ. 24 ಮೆಗಾಪಿಕ್ಸೆಲ್ ಫೋಟೊದ 6000 ಪಿಕ್ಸೆಲ್ ಅಗಲದಿಂದ ಇಂಚಿಗೆ 300ರಂತೆ 20 ಇಂಚಿನ ಒಳ್ಳೆಯ ಪ್ರಿಂಟ್ ಬರುತ್ತದೆ. ಅದಕ್ಕಿಂತ ದೊಡ್ಡದನ್ನು ನಮ್ಮಲ್ಲಿ ಎಷ್ಟು ಜನ ಹಾಕಿಸುತ್ತೇವೆ?

ರಾತ್ರಿಯ ಆಕಾಶಕ್ಕೆ ಮಾತ್ರ ಅಂತರ ಜೋರಾಗಿಯೇ ಇದೆ. ಅಲ್ಲೂ ಮೂಲ ಲೆನ್ಸಿನ ಬಾಯಿಯೇ. ಫುಲ್ ಫ್ರೇಮಿನ 20 ಎಂಎಂ ಎಫ್/1.8 ಲೆನ್ಸಿನ ಬಾಯಿ 11 ಮಿಲಿಮೀಟರ್. ಅಷ್ಟೇ ನೋಟಕ್ಕೆ ಕ್ರಾಪ್‌ನಲ್ಲಿ 13 ಎಂಎಂ ಬೇಕು. ಎಫ್/2.8 ಆದರೆ ಬಾಯಿ 5 ಮಿಲಿಮೀಟರೂ ಇಲ್ಲ. ಆಕಾಶಗಂಗೆಯ ಬೆಳಕು ಐದು ಪಟ್ಟಿಗಿಂತ ಜಾಸ್ತಿ ಕಡಿಮೆಯಾಯಿತು. ಆದರೆ ಕ್ರಾಪ್‌ಗೆ ಈಗ 13 ಎಂಎಂ ಎಫ್/1.4 ಲೆನ್ಸುಗಳೂ ಬಂದಿವೆ. ಅದರ ಬಾಯಿ 9 ದಾಟುತ್ತದೆ, ಅಂತರ ಬಹಳ ಕಿರಿದಾಗುತ್ತದೆ. ಮತ್ತೆ ಅದೇ ಮಾತು, ಬಾಡಿಗಿಂತ ಮೊದಲು ಲೆನ್ಸ್.

ನಾಯ್ಸ್ ತೆಗೆಯುವ ಸಾಫ್ಟ್‌ವೇರ್ ಕೂಡ ಈಗ ತುಂಬ ಮುಂದೆ ಹೋಗಿದೆ. ಲೈಟ್‌ರೂಮ್‌ನಲ್ಲಿ 2023ರಲ್ಲಿ ಬಂದ ಡಿನಾಯ್ಸ್ ಬಳಸಿ ಐಎಸ್‌ಒ 6400ರ ನನ್ನ ಹಳೇ ಕ್ರಾಪ್ ಫೋಟೊಗಳನ್ನು ಮತ್ತೆ ತೆರೆದೆ. ಆಗ ಕೈಬಿಟ್ಟಿದ್ದ ಎಷ್ಟೋ ಫೋಟೊ ಈಗ ಪ್ರಿಂಟಿಗೆ ಬರುವಂತಾದವು. ರಾ ಫೈಲ್, ಅಂದರೆ ಸೆನ್ಸರ್ ಹಿಡಿದದ್ದನ್ನು ಹಾಗೇ ಉಳಿಸುವ ಫೈಲ್, ಇಟ್ಟುಕೊಂಡಿದ್ದಕ್ಕೆ ಸಾಧ್ಯವಾಯಿತು. ಯಾವ ಕ್ಯಾಮೆರಾ ಆದರೂ ರಾದಲ್ಲೇ ತೆಗೆಯಿರಿ.

ಮಲೆನಾಡು, ಕರಾವಳಿಯವರಿಗೆ ಇನ್ನೊಂದು ಮಾತು. ಬಾಡಿ ಆರಿಸುವಾಗ ಮಳೆ, ತೇವ ತಡೆಯುವ ಸೀಲಿಂಗ್ ಇದೆಯಾ ಅಂತ ನೋಡಿ. ಲೆನ್ಸಿಗೆ ಬೂಷ್ಟು ಹತ್ತದಂತೆ ಒಂದು ಡ್ರೈ ಬಾಕ್ಸ್ ಅಥವಾ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಡಿ. ಆಗುಂಬೆಯ ಒಂದು ಮಳೆಗಾಲ ಸಾಕು, ಲಕ್ಷದ ಲೆನ್ಸಿನೊಳಗೆ ಜೇಡರ ಬಲೆಯಂಥ ಬೂಷ್ಟು ಬೆಳೆಯಲು.

ಇಷ್ಟೆಲ್ಲ ಹೇಳಿ ಹುಡುಗನಿಗೆ ಒಂದೇ ಕೆಲಸ ಕೊಟ್ಟೆ. "ನೀನು ವಾರ ವಾರ ಹೋಗೋ ಜಾಗ ಯಾವುದು? ಅಲ್ಲಿ ಹಕ್ಕಿ ಎಷ್ಟು ದೂರ ಕೂರುತ್ತೆ? ಅಳೆದು ಹೇಳು, ಆಮೇಲೆ ಅಂಗಡಿಗೆ ಹೋಗೋಣ." ಅವನ ಮನೆಯ ಹಿಂದೆ ಕೆರೆ ಇದೆ. ನೀರಲ್ಲಿ ಅರ್ಧ ಮುಳುಗಿದ ಒಂದು ಒಣ ಜಾಲಿಮರ. ಭಾನುವಾರ ಬೆಳಿಗ್ಗೆ ಏರಿಯ ಮೇಲೆ ನಿಂತು ಹೆಜ್ಜೆ ಹಾಕಿ, ಅಂದಾಜು ಮಾಡಿ ಫೋನ್ ಮಾಡಿದ.

"ಮಾವ, 22 ಮೀಟರ್."

"ಯಾವ ಹಕ್ಕಿ?"

"ಬಿಳಿ ಎದೆ ಮಿಂಚುಳ್ಳಿ. ದಿನಾ ಅದೇ ಕೊಂಬೆ."

28 ಸೆಂಟಿಮೀಟರಿನ ಹಕ್ಕಿ. 600 ಎಂಎಂನಲ್ಲಿ 7.6 ಮಿಲಿಮೀಟರ್. 20.9 ಮೆಗಾಪಿಕ್ಸೆಲ್ಲಿನ ಕ್ರಾಪ್ ಬಾಡಿಯಲ್ಲಿ 1800 ಪಿಕ್ಸೆಲ್. ಲೆಕ್ಕ ಅವನೇ ಮಾಡಿ ಹೇಳಿದ. ಕೂಡಿಟ್ಟ ದುಡ್ಡಿನಲ್ಲಿ ಕ್ರಾಪ್ ಬಾಡಿ, 180-600 ಲೆನ್ಸ್ ಎರಡೂ ಬಂತು. ಒಂದು ಟ್ರೈಪಾಡಿಗೂ ಉಳಿಯಿತು.